ನಮ್ಮ ಅವ್ವನ ಮೂತ್ರದ ವರದಿ ಕೊಡಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಹೋದ ತಿಂಗಳು ನನ್ನ ತಂಗಿಯ ಮಗಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಇಂಗ್ಲಿಷಿನ ಯಾವುದೋ ಸಂಶೋಧನಾ ಲೇಖನದ ಮೊದಲ ಪುಟ. ಸೊಂಟ ಬಾಗಿದ ಹೆಂಗಸೊಬ್ಬಳು ಕೋಲು ಊರಿಕೊಂಡು ನಿಂತಿದ್ದಾಳೆ. ಗುರುತು ಸಿಗಬಾರದು ಅಂತ ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕಿದ್ದಾರೆ. ಆದರೆ ಹಿಂದಿರುವ ನೀಲಿ ಬಾಗಿಲು ನಮ್ಮದು. ಪಕ್ಕದಲ್ಲಿ ಒರಗಿಸಿದ ಕುಂಟೆ ನಮ್ಮದು. ಆ ಹೆಂಗಸು ನಮ್ಮ ಅವ್ವ.

ಪೂರ್ತಿ ಓದೋಣ ಅಂದರೆ ಆಗಲಿಲ್ಲ. ಮೂವತ್ತಕ್ಕೂ ಜಾಸ್ತಿ ಡಾಲರ್ ಕಟ್ಟಬೇಕಂತೆ. ಮೂತ್ರ ಕೊಟ್ಟಿದ್ದು ಪುಕ್ಕಟೆ ಸ್ವಾಮಿ, ಅದರ ಲೆಕ್ಕ ನೋಡೋದಕ್ಕೆ ಮಾತ್ರ ಡಾಲರ್!

ಆರು ವರ್ಷದ ಹಿಂದೆ ಒಂದು ವೈದ್ಯಕೀಯ ಕಾಲೇಜಿನ ತಂಡ ನಮ್ಮೂರಿಗೆ ಬಂದಿತ್ತು. ಫ್ಲೋರೈಡ್ ಸರ್ವೆ. ಕುಡಿಯುವ ನೀರಿನಲ್ಲಿ ಅದು ಜಾಸ್ತಿಯಾದರೆ ಹಲ್ಲು ಕರೆಗಟ್ಟುತ್ತೆ, ಮೂಳೆ ಬಾಗುತ್ತೆ. ಆಶಾ ಅಕ್ಕ ಮನೆಮನೆಗೂ ಕರೆದುಕೊಂಡು ಬಂದಳು. ಬೋರ್‌ವೆಲ್ ನೀರು ತುಂಬಿಕೊಂಡರು. ಮಕ್ಕಳ ಹಲ್ಲಿನ ಫೋಟೋ ತೆಗೆದರು. ದೊಡ್ಡವರಿಗೆ ಬಿಳಿ ಡಬ್ಬಿ ಕೊಟ್ಟು ಬೆಳಗಿನ ಮೂತ್ರ ತನ್ನಿ ಅಂದರು. ಅವ್ವನಿಗೆ ಕೂರೋದೇ ಕಷ್ಟ. ಅವಳ ಡಬ್ಬಿ ತುಂಬಿಸೋದಕ್ಕೆ ನನ್ನ ಹೆಂಡತಿ ಅರ್ಧ ಗಂಟೆ ಒದ್ದಾಡಿದಳು. ಇಂಗ್ಲಿಷಿನ ಒಂದು ಹಾಳೆಗೆ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು. ವರದಿ ಹದಿನೈದು ದಿನದಲ್ಲಿ ಪಿಎಚ್‌ಸಿಗೆ ಬರುತ್ತೆ ಅಂದರು.

ಪಿಎಚ್‌ಸಿಗೆ ಎಷ್ಟು ಸಲ ಹೋದೆನೋ ಲೆಕ್ಕ ಇಟ್ಟಿಲ್ಲ. ಕೊನೆಗೆ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಬದಲಿಸಿ ಆ ಕಾಲೇಜಿಗೇ ಹೋದೆ. ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಒಬ್ಬರು ಬಂದು, 'ಪ್ರಾಜೆಕ್ಟ್ ಮುಗಿದಿದೆ, ಆ ಮೇಡಂ ಈಗ ಇಲ್ಲಿಲ್ಲ, ಡೇಟಾ ಗೌಪ್ಯ, ಕೊಡೋ ಹಾಗಿಲ್ಲ' ಅಂದರು. ಅವ್ವನ ಮೂತ್ರ ಅವ್ವನಿಗೇ ಗೌಪ್ಯ! ಫೋಟೋ ಮಾತ್ರ ಲೋಕಕ್ಕೆಲ್ಲ ಬಯಲು.

ನಿಯಮ ನಿಮಗೆ ನಾನು ಹೇಳಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ನಿಮ್ಮ ಕಚೇರಿಯಲ್ಲೂ ಇರುತ್ತೆ. ಒಪ್ಪಿಗೆ ಪತ್ರ ಜನಕ್ಕೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದರ ಒಂದು ಪ್ರತಿ ಅವರ ಕೈಗೆ ಕೊಡಬೇಕು, ಸಂಶೋಧನೆಯ ಲಾಭ ಅದರಲ್ಲಿ ಪಾಲ್ಗೊಂಡ ಜನಕ್ಕೂ ತಲುಪಬೇಕು. ನಮಗೆ ಸಿಕ್ಕಿದ ಲಾಭ ಏನು ಅಂದರೆ, ಮಧ್ಯಾಹ್ನ ಒಂದೊಂದು ಬಿಸ್ಕೆಟ್ ಪೊಟ್ಟಣ.

ಫ್ಲೋರೈಡಿನಿಂದ ಬರುವ ಈ ರೋಗ, ಫ್ಲೋರೋಸಿಸ್, ಹೊಸದೇನಲ್ಲ. 1937ರಲ್ಲೇ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಇದನ್ನು ಗುರುತಿಸಿ ಬರೆದಿದ್ದರು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರನ್ನು ಕೇಳಿ, ಕತೆ ಅವರೇ ಹೇಳ್ತಾರೆ. ಲೀಟರ್ ನೀರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ನಡೆಯುತ್ತೆ ಅನ್ನುತ್ತೆ ಭಾರತೀಯ ಮಾನಕ. ನಮ್ಮ ಬೋರ್‌ವೆಲ್‌ನಲ್ಲಿ ಎಷ್ಟಿದೆ? ಅದು ಆ ಲೇಖನದ ಒಳಗಿದೆ, ಡಾಲರಿನ ಬೀಗ ಹಾಕಿಕೊಂಡು.

ಆ ತಂಡದಲ್ಲಿದ್ದ ಒಬ್ಬ ಹುಡುಗಿ, ಪಾಪ, ಹೊರಡುವಾಗ ನನ್ನ ಹೆಂಡತಿಯ ಕಿವಿಯಲ್ಲಿ, 'ಅಕ್ಕ, ಆದಷ್ಟು ಈ ನೀರು ಕುಡಿಯಬೇಡಿ' ಅಂದಿದ್ದಳಂತೆ. ಊರಿಗೆ ಸಿಕ್ಕಿದ ವರದಿ ಅಷ್ಟೇ. ನಾವೂ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿಲ್ಲ. ಕಾಗದ ಬರುತ್ತಲ್ಲ, ನೋಡೋಣ ಅಂದುಕೊಂಡೆವು. ಕಾಯಿಸಿ ಕುಡಿದರೆ ಆಯ್ತು ಅಂದರು ಕೆಲವರು. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದಿದ್ದು ಗಟ್ಟಿಯಾಗುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು?

ಅವ್ವನ ಸೊಂಟ ಇನ್ನು ನೆಟ್ಟಗಾಗಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ ಫೋಟೋ ತೋರಿಸಿದಳಲ್ಲ ನನ್ನ ತಂಗಿಯ ಮಗಳು, ಅವಳ ತಮ್ಮನಿಗೆ ಸರ್ವೆ ಆದಾಗ ಎರಡು ವರ್ಷ. ಈಗ ಎಂಟು. ಬಾಯಿಗೆ ಬರಬೇಕಾದ ಹಲ್ಲು ವಸಡಿನ ಒಳಗೆ ಬೆಳೆಯೋದು ಆ ಎಳೆ ವಯಸ್ಸಿನಲ್ಲೇ. ಆಗ ಕುಡಿದ ನೀರೇ ಆ ಹಲ್ಲಿನ ಮೇಲೆ ಕೂರುತ್ತೆ. ಮುಂದಿನ ಹಲ್ಲು ಕಂದು ಕರೆ ಹೊತ್ತುಕೊಂಡೇ ಬಂದಿವೆ. ಫೋಟೋಗೆ ನಿಲ್ಲಿಸಿದರೆ ಬಾಯಿ ಮುಚ್ಚಿಕೊಳ್ಳುತ್ತಾನೆ. ಹದಿನೈದು ದಿನದಲ್ಲಿ ವರದಿ ಬಂದಿದ್ದರೆ ಅವನಿಗಾದರೂ ಬೇರೆ ನೀರು ತರುತ್ತಿದ್ದೆವು.

ಇನ್ನು ನೀಲಿ ಡ್ರಮ್ಮಿನ ಕತೆ. ಅದು ನಿಮಗೆ ಚೆನ್ನಾಗಿ ನೆನಪಿರಬೇಕು, ಟೇಪ್ ಕತ್ತರಿಸಿದ್ದು ನೀವೇ. ಹೊಸ ಬಗೆಯ ಹರಳು ಕಂಡುಹಿಡಿದಿದ್ದೇವೆ, ಅದು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತೆ ಅಂತ ಇನ್ನೊಂದು ತಂಡ ಬಂದಿತ್ತು. ನಲವತ್ತು ಮನೆಗೆ ಡ್ರಮ್ ಇಟ್ಟರು. ಆರು ತಿಂಗಳು ವಾರವಾರ ನೀರು ಒಯ್ದರು. ಪ್ರಯೋಗ ಯಶಸ್ವಿ ಅಂತ ಪೇಪರಿನಲ್ಲಿ ನಿಮ್ಮ ಫೋಟೋ ಬಂತು. ತಂಡ ಹೋಯಿತು. ಡ್ರಮ್ ಉಳಿಯಿತು.

ಇಂಥ ಹರಳಿಗೂ ಒಂದು ಮಿತಿ ಇದೆ. ಹೊಟ್ಟೆ ತುಂಬಿದ ಮೇಲೆ ಅದು ಏನನ್ನೂ ಹಿಡಿಯಲ್ಲ. ಬದಲಿಸಬೇಕು, ಇಲ್ಲವೇ ತಿಳಿದವರು ಕಾಸ್ಟಿಕ್ ಸೋಡಾದಲ್ಲಿ ತೊಳೆದು ಸರಿಮಾಡಬೇಕು. ತುಂಬಿತು ಅಂತ ತಿಳಿಯೋದು ಹೇಗೆ? ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ಎರಡು ವರ್ಷ ಅದೇ ಡ್ರಮ್ಮಿನ ನೀರನ್ನು ಶುದ್ಧ ಅಂತ ನಂಬಿ ಕುಡಿದೆವು. ಈಗ ಅದರಲ್ಲಿ ರಾಗಿ ತುಂಬಿಟ್ಟಿದ್ದೇವೆ.

ಸಂಶೋಧನೆ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮೂರಿಗಿಂತ ಜಾಸ್ತಿ ಅದು ಯಾರಿಗೆ ಬೇಕು? ನಾನು ಕೇಳೋದು ಒಂದೇ. ನಮ್ಮ ವರದಿ ನಮಗೆ ಕೊಡಿಸಿ. ಊರಿನ ಬೋರ್‌ವೆಲ್‌ಗಳ ಲೆಕ್ಕವನ್ನು ಕನ್ನಡದಲ್ಲಿ ಬರೆಸಿ ಪಂಚಾಯ್ತಿ ಗೋಡೆಗೆ ಅಂಟಿಸಿ. ಮನೆಯವರ ಮೂತ್ರದ ವರದಿಯನ್ನು ಆಯಾ ಮನೆಗೆ ಮುಚ್ಚಿದ ಲಕೋಟೆಯಲ್ಲಿ ಕಳಿಸಿ. ನೀವು ಒಂದು ಫೋನ್ ಮಾಡಿದರೆ ಆ ಕಾಲೇಜು ಕೊಡದೆ ಇರುತ್ತಾ? ವರ್ಗಾವಣೆಗೆ ಫೋನ್ ಮಾಡ್ತೀರಿ, ಜಾತ್ರೆಗೆ ಫೋನ್ ಮಾಡ್ತೀರಿ. ಇದಕ್ಕೂ ಒಂದು ಮಾಡಿ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಅಧ್ಯಕ್ಷರು ನೀವೇ ಅಲ್ವಾ? ಮುಂದಿನ ಸಭೆಯಲ್ಲಿ ಇದೊಂದು ವಿಷಯ ಎತ್ತಿ. ನಮ್ಮ ವರದಿ ನಮಗೆ ಕೊಡಿಸಿ.

ಇದನ್ನೇ ಮೂರು ಸಲ ಅರ್ಜಿ ಬರೆದು ನಿಮ್ಮ ಆಪ್ತ ಸಹಾಯಕರ ಕೈಗೆ ಕೊಟ್ಟಿದ್ದೆ. 'ಸಾಹೇಬರ ಗಮನಕ್ಕೆ ತರ್ತೀನಿ' ಅಂದಿದ್ದರು. ಗಮನಕ್ಕೆ ಬರಲಿಲ್ಲವೇನೋ. ಅದಕ್ಕೇ ಈ ಸಲ ಎಲ್ಲರ ಎದುರು ಬರೆಯುತ್ತಿದ್ದೇನೆ.

ಮುಂದಿನ ವಾರ ಮತ್ತೊಂದು ತಂಡ ಬರುತ್ತಂತೆ. ಆಶಾ ಅಕ್ಕ ನಿನ್ನೆ ಬಂದು ಡಬ್ಬಿ ಇಟ್ಟು ಹೋಗಿದ್ದಾಳೆ. ಅವ್ವ ಅದನ್ನು ಕಿಟಕಿಯಲ್ಲಿ ಇಟ್ಟಿದ್ದಾಳೆ. ಹಳೇ ವರದಿ ತಂದುಕೊಟ್ಟರೆ ತುಂಬಿಸ್ತಾಳಂತೆ.

ಇಂತಿ,
ತನ್ನ ಸ್ಯಾಂಪಲ್ ನಂಬರ್ ಗೊತ್ತಿಲ್ಲದ ನಿಮ್ಮ ಕ್ಷೇತ್ರದ ಒಬ್ಬ ಮತದಾರ