ಅತ್ತಿಗೆ ಕೇಳಿದ್ದಕ್ಕೆ

ಕಾದಂಬರಿ ಮುಗಿಯಿತು. ಕಳೆದ ವಾರ ಅಚ್ಚಿಗೆ ಹೋಯಿತು. ನಮ್ಮ ಮನೆಯಲ್ಲಿ ಏನೇನು ನಡೆಯಿತು ಅನ್ನೋದು ಇದನ್ನು ಓದುವ ಬಹಳ ಜನಕ್ಕೆ ಗೊತ್ತು, ಮತ್ತೆ ಹೇಳುವುದಿಲ್ಲ. ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು.

ಕರಡು ಓದಿ ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದ ಮೇಷ್ಟ್ರಿಗೆ, ಟೈಪ್ ಮಾಡಿಕೊಟ್ಟ ಗೆಳತಿಗೆ, ಕೇಳಿದಾಗೆಲ್ಲ ರಜೆ ಕೊಟ್ಟ ಹೆಡ್ ಮೇಡಂಗೆ, ಸಂಜೆ ಹೊತ್ತು ಮಗನನ್ನು ಕರೆದು ಊಟ ಹಾಕಿದ ಪಕ್ಕದ ಮನೆಯವರಿಗೆ ನಾನು ಋಣಿ.

ಈಗ ಅತ್ತಿಗೆ ವಿಷಯ.

ಕತೆ ಅಪ್ಪನ ಊರಿನದು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿಯಿತು, ಅದರ ಹಿನ್ನೀರಲ್ಲಿ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ಸ್ಫೂರ್ತಿ ಬೇಕು ಅಂತ ನಾನು ಶೆಟ್ಟಿಹಳ್ಳಿ ಚರ್ಚಿಗೆ ಹೋಗುತ್ತಿದ್ದೆ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಈಗ ಚಾವಣಿ ಇಲ್ಲ, ಮಳೆಗಾಲದಲ್ಲಿ ನೀರು ಗೋಡೆಯ ಅರ್ಧಕ್ಕೆ ಬರುತ್ತದೆ. ಫೋಟೋ ಚೆನ್ನಾಗಿ ಬರುತ್ತಿದ್ದವು. ಬರೆದದ್ದೂ ಫೋಟೋ ಹಾಗೇ ಇರುತ್ತಿತ್ತು. ಚಂದ, ಆದರೆ ಒಳಗೆ ಜನ ಇಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ವಾ, ಆಗಲೂ ಊರಿಡೀ ಖುಷಿ, ನನಗೂ ನಾಲ್ಕು ದಿನ ಹುರುಪು. ಇದೇ ಊರಿನ ಬೀದಿಗಳಲ್ಲಿ ಓಡಾಡಿಕೊಂಡು, ವಕೀಲಿಕೆ ಮಾಡಿಕೊಂಡು ಬರೆದವರು ಅವರು. ಹುರುಪು ಇಳಿದ ಮೇಲೆ ಮತ್ತೆ ಅದೇ ಖಾಲಿ ಹಾಳೆ.

ಅಷ್ಟರಲ್ಲಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು.

ಆ ರಾತ್ರಿ ಅಣ್ಣ ಊರಲ್ಲಿರಲಿಲ್ಲ. ಅತ್ತಿಗೆ ಬಾಳ್ಳುಪೇಟೆಯಿಂದ ಕೊನೇ ಬಸ್ಸಿಗೆ ಬಂದರು. ಜಡಿಮಳೆ, ಸೀರೆ ಮೊಣಕಾಲವರೆಗೆ ಒದ್ದೆ. ಚೀಲದಲ್ಲಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಫ್ಲಾಸ್ಕಲ್ಲಿ ಕಾಫಿ. ಐಸಿಯು ಹೊರಗಿನ ಬೆಂಚಲ್ಲಿ ಕೂತೆವು. ಡಾಕ್ಟರು ಏನು ಹೇಳಿದರು ಅಂತ ಒಂದು ಸಲ ಕೇಳಿದರು, ಮತ್ತೆ ಕೇಳಲಿಲ್ಲ. ಎಲ್ಲ ಸರಿಹೋಗುತ್ತೆ ಅಂತಲೂ ಹೇಳಲಿಲ್ಲ. ಅವತ್ತು ಅದನ್ನು ಹೇಳದೇ ಇದ್ದವರು ಅವರೊಬ್ಬರೇ.

ನಡುರಾತ್ರಿ ದಾಟಿತ್ತು. ನಾನು ಸುಮ್ನೆ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ. ಕಾದಂಬರಿ ಬಿಟ್ಟುಬಿಡ್ತೀನಿ ಅತ್ತಿಗೆ, ನನ್ನ ಕೈಲಿ ಆಗಲ್ಲ ಅಂದೆ. ಅದರಲ್ಲಿ ಏನಿದೆ ಹೇಳು ಅಂದರು. ಅತ್ತಿಗೆ ಕತೆ ಪುಸ್ತಕ ಓದುವವರಲ್ಲ. ಮನೆಯಲ್ಲಿ ಹಸು ಸಾಕಿ ಡೇರಿಗೆ ಹಾಲು ಹಾಕುತ್ತಾರೆ. ಊರು ಬಿಡುವ ದಿನದವರೆಗೆ ಹೇಳಿದೆ. ಕೇಳಿಸಿಕೊಂಡು, "ಹಸುಗಳನ್ನ ಏನ್ ಮಾಡಿದ್ರು ಪುಟ್ಟಿ?" ಅಂದರು.

ಗೊತ್ತಿಲ್ಲ ಅಂದೆ.

"ಜನ ಲಾರಿ ಹತ್ತಿದ್ರು ಸರಿ. ಕೊಟ್ಟಿಗೆ ಬಿಚ್ಚಿದ ಮೇಲೆ ಅವನ್ನ ಎಲ್ಲಿ ಕಟ್ಟಿದ್ರು? ಹಾಲು ಎಲ್ಲಿ ಕರೆದ್ರು? ಮೇವು?" ಬೆಳಗಿನ ಜಾವದವರೆಗೂ ಕೇಳುತ್ತಲೇ ಇದ್ದರು. ನನ್ನ ನಿದ್ದೆ ಬಿಡಿಸಲು ಕೇಳಿದರೋ, ನಿಜವಾಗಿ ಬೇಕಿತ್ತೋ ಇವತ್ತಿಗೂ ಗೊತ್ತಾಗಿಲ್ಲ. ನನ್ನ ಪಾತ್ರಗಳ ಬಗ್ಗೆ ಯಾರೋ ಒಬ್ಬರು ಹೀಗೆ ಚಿಂತೆ ಮಾಡಿದ್ದು ಮಾತ್ರ ಅದೇ ಮೊದಲು. ಫೋನಿನ ಬೆಳಕಲ್ಲಿ ಔಷಧಿ ಚೀಟಿಯ ಹಿಂದೆ ಆ ಪ್ರಶ್ನೆಗಳನ್ನು ಗೀಚಿಕೊಂಡೆ.

ಅಪ್ಪ ಸ್ವಲ್ಪ ದಿನ ಮನೆಗೆ ಬಂದಿದ್ದರಲ್ಲ, ಆಗ ಕೇಳಿದೆ. ಊರಿನ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದ ಮನುಷ್ಯ, ಹಸುವಿನ ಮಾತು ಬಂದಾಗ ಕೂತರು. ಅರ್ಧ ರೇಟಿಗೆ ಮಾರಿದ್ದು ಹೇಳಿದರು. ಉಳಿಸಿಕೊಂಡ ಕೆಂದಿ ಹೊಸ ಜಾಗದಿಂದ ಹಗ್ಗ ಕಿತ್ತುಕೊಂಡು ಹೋಗಿ, ಹಳೇ ಕೊಟ್ಟಿಗೆ ಇದ್ದ ಕಡೆ ನೀರಂಚಿಗೆ ನಿಲ್ಲುತ್ತಿತ್ತಂತೆ. ತಾತ ಹೋಗಿ ಹಿಡಿದು ತರೋದು, ಅದು ಮತ್ತೆ ಹೋಗೋದು. ಕಾದಂಬರಿ ಅಲ್ಲಿಂದ ಮತ್ತೆ ಶುರುವಾಯಿತು. ಮೊದಲು ಬರೆದದ್ದರಲ್ಲಿ ಹೆಚ್ಚಿನದನ್ನು ತೆಗೆದುಹಾಕಿದೆ, ಚರ್ಚನ್ನೂ.

ಆ ಅಧ್ಯಾಯ ಮುಗಿಯುವ ಹೊತ್ತಿಗೆ ಅಪ್ಪ ಇರಲಿಲ್ಲ.

ಇದನ್ನು ಬರೆದು ಎದ್ದುಹೋಗಿ, ಪಾತ್ರೆ ತೊಳೆದು ಬಂದು ಮತ್ತೆ ಕೂತಿದ್ದೇನೆ.

ಆಮೇಲೆ ದಿನಾ ಸಂಜೆ ಹಾಲು ಹಾಕಿ ಬಂದ ಮೇಲೆ ಅತ್ತಿಗೆ ಫೋನ್ ಮಾಡುತ್ತಿದ್ದರು. ಹುಷಾರಾಗಿದೀಯಾ ಅಂತ ಅಲ್ಲ, "ಇವತ್ತೇನಾಯ್ತು ಅವರಿಗೆ?" ಅಂತ. ಏನೂ ಆಗಿಲ್ಲ ಅನ್ನೋಕೆ ನಾಚಿಕೆಯಾಗಿ ಮಧ್ಯಾಹ್ನವೇ ಒಂದು ಪುಟ ಬರೆದಿಡುತ್ತಿದ್ದೆ. ಬರೆಯೋಕೆ ಮನಸ್ಸು ಹೇಗೆ ಬರುತ್ತೆ ಅಂತ ಕೇಳುವ ಹುಡುಗರಿಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ, ಸಂಜೆ ಫೋನ್ ಬರುತ್ತಿತ್ತು.

ಬಿಡುಗಡೆ ಹಾಸನದಲ್ಲೇ. ದಿನ ಗೊತ್ತಾದಾಗ ತಿಳಿಸುತ್ತೇನೆ, ಹಾರ ತುರಾಯಿ ತರಬೇಡಿ. ಅತ್ತಿಗೆ ಬರಲು ಒಪ್ಪಿದ್ದಾರೆ. ಸ್ಟೇಜ್ ಹತ್ತಲ್ಲ, ಹಾಲು ಕರೆಯೋ ಹೊತ್ತಿಗೆ ಮನೆ ಸೇರಬೇಕು ಅಂತ ಮೊದಲೇ ಹೇಳಿದ್ದಾರೆ. ಹಾಗಾಗಿ ಕಾರ್ಯಕ್ರಮ ಬೆಳಿಗ್ಗೆ ಇಟ್ಟುಕೊಳ್ಳುತ್ತೇವೆ.