ಬಾವಿಗೆ ಕಟ್ಟೆ ಇತ್ತು, ಬೋರಿಗೆ ಗೋಣಿಚೀಲ

ಚಿತ್ರದುರ್ಗ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ಫೋನ್ ಮಾಡಿದರೆ ಎರಡೇ ನಿಮಿಷಕ್ಕೆ "ಆಮೇಲೆ ಮಾಡ್ತೀನಿ ಕಣೋ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಪತ್ರ. ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಹೆದರಬೇಡ, ನಿನ್ನ ಹೆಸರು ಬರೆದಿಲ್ಲ.

ಹೋದ ವಾರ ಹೊಳಲ್ಕೆರೆ ಕಡೆ ನಮ್ಮೂರಿಗೆ ಹೋಗಿದ್ದೆ. ಅಜ್ಜಿ ಮನೆ ಹಿತ್ತಲಿನ ಸೇದೋ ಬಾವಿ ನೆನಪಿದೆ ಅಲ್ವಾ? ನೀರು ಬತ್ತಿ ಎಷ್ಟೋ ವರ್ಷ ಆಯ್ತು. ಆದರೆ ಕಟ್ಟೆ ಹಾಗೇ ಇದೆ. ಅಂಚಿನ ಕಲ್ಲಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಲ್ಲಿ ಈಗಲೂ ಕಿರುಬೆರಳು ಕೂರುತ್ತದೆ. ಸುಮ್ನೆ ಒಂದೊಂದರಲ್ಲೂ ಬೆರಳಿಟ್ಟು ನೋಡಿದೆ.

ಚಿಕ್ಕವರಿದ್ದಾಗ ಆ ಕಟ್ಟೆ ನಮ್ಮ ಎದೆಮಟ್ಟ ಬರುತ್ತಿತ್ತು. ಅಗಲವೂ ಒಂದು ಮೊಳ. ನೀರು ನೋಡಬೇಕು ಅಂದರೆ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಕತ್ತು ಮಾತ್ರ ಒಳಗೆ ಚಾಚಬೇಕಿತ್ತು. ಮೈಭಾರವೆಲ್ಲ ಹೊರಗೇ. ಕಟ್ಟಿದವರು ಬೇಕಂತಲೇ ಹಾಗೆ ಮಾಡಿದ್ದರು ಅಂತ ನನಗೆ ಹೊಳೆದದ್ದು ಈಗ, ನಲವತ್ತೈದು ದಾಟಿದ ಮೇಲೆ. ನೀರು ಸೇದುವವರು ನಿಲ್ಲುವ ಚಪ್ಪಡಿಯನ್ನೂ ನೋಡಿದೆ. ಅದನ್ನು ನುಣುಪು ಮಾಡಿಲ್ಲ. ಉಳಿಪೆಟ್ಟು ಹಾಗೇ ಬಿಟ್ಟಿದ್ದಾರೆ, ಒದ್ದೆ ಕಾಲು ಜಾರಬಾರದು ಅಂತ. ಚೆಲ್ಲಿದ ನೀರು ನಿಲ್ಲದೆ ಬಾಳೆಗಿಡದ ಬುಡಕ್ಕೆ ಹರಿಯುವಷ್ಟು ಇಳಿಜಾರು ಬೇರೆ. ಕಟ್ಟಿದವನು ಯಾವ ಕಾಲೇಜಿಗೆ ಹೋಗಿದ್ದನೋ!

ಐದನೇ ಕ್ಲಾಸಲ್ಲಿ ನೀನು ತಾಮ್ರದ ಬಿಂದಿಗೆ ಬಾವಿಗೆ ಬಿಟ್ಟಿದ್ದು ಮರೆತಿದ್ದರೆ ನೆನಪಿಸುತ್ತೇನೆ. ಹಗ್ಗದ ಕುಣಿಕೆ ಹಾಕಿದ್ದು ನಾನೇ, ಬೈಸಿಕೊಂಡಿದ್ದು ಮಾತ್ರ ನೀನು. ಆ ಬೀದಿಗೆಲ್ಲ ಪಾತಾಳಗರಡಿ ಇದ್ದದ್ದು ಒಂದೇ ಮನೆಯಲ್ಲಿ. ಕಬ್ಬಿಣದ ಬಳೆ, ಅದರ ಸುತ್ತ ಜೋತಾಡುವ ಹತ್ತಾರು ಕೊಕ್ಕೆ. ಕೇಳಿದರೆ ಸುಮ್ಮನೆ ಕೊಡುತ್ತಿರಲಿಲ್ಲ, ಒಂದು ಚೊಂಬು ಅಡ ಇಡಬೇಕಿತ್ತು. ಅಜ್ಜಿ ಬೈಯುತ್ತಲೇ ಹಿತ್ತಾಳೆ ಚೊಂಬು ಕೊಟ್ಟು ಕಳಿಸಿದಳು. ಹಗ್ಗ ಆಡಿಸಿ ಆಡಿಸಿ ಬಿಂದಿಗೆಯ ಕಂಠಕ್ಕೆ ಕೊಕ್ಕೆ ಸಿಕ್ಕಾಗ ಕೈಗೆ ಹತ್ತಿದ ಆ ಸಣ್ಣ ಎಳೆತ ನನಗಿನ್ನೂ ನೆನಪಿದೆ. ಅದರ ಜೊತೆ ಇನ್ನೆರಡು ಚೊಂಬು, ಯಾರದೋ ಒಂದು ಸೌಟೂ ಬಂತು.

ಹಳೇದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಅದೇ ಬಾವಿಗೆ ನಮ್ಮ ಕರು ಬಿದ್ದು ಸತ್ತಿತ್ತು. ಬಾಯಿಗೊಂದು ಜಾಲರಿ ಹಾಕಿಸಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಸ್ಕೂಲಿಂದ ಸಂತೆಬೆನ್ನೂರಿನ ಪುಷ್ಕರಣಿಗೆ ಹೋದಾಗ ಮೇಷ್ಟ್ರು ನಮ್ಮಿಬ್ಬರ ಅಂಗಿ ಹಿಡಿದುಕೊಂಡೇ ನಡೆದರು, ಅಷ್ಟು ನೀರು, ಅಷ್ಟು ಆಳ. ಆದರೂ ಅಲ್ಲಿನ ಮೆಟ್ಟಿಲು ನೋಡು. ಮಳೆಗಾಲದಲ್ಲಿ ನೀರು ಮೇಲೆ ಬಂದರೂ, ಬೇಸಗೆಯಲ್ಲಿ ತಳ ಹಿಡಿದರೂ, ನೀರಿನ ಅಂಚಿಗೆ ಕಾಲೂರಲು ಒಂದು ಮೆಟ್ಟಿಲು ಇದ್ದೇ ಇರುತ್ತದೆ. 16ನೇ ಶತಮಾನದವರ ಲೆಕ್ಕ ಅದು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಬಾವಿಯಿಂದ ಇಪ್ಪತ್ತು ಹೆಜ್ಜೆ ಆಚೆ ಮೂರು ವರ್ಷದ ಹಿಂದೆ ಚಿಕ್ಕಪ್ಪ ಬೋರು ಕೊರೆಸಿದರು. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡಿದ್ದೂ ಆಯ್ತು, ಗಂಗಮ್ಮನಿಗೆ ಪೂಜೆ ಮಾಡಿದ್ದೂ ಆಯ್ತು. 720 ಅಡಿ ಹೋದರೂ ಬಂದಿದ್ದು ಧೂಳು. ಬೋರು ಫೇಲ್. ದುಡ್ಡು ಹೋಯಿತಲ್ಲ, ಕೇಸಿಂಗ್ ಪೈಪಾದರೂ ಇನ್ನೊಂದು ಬೋರಿಗೆ ಆಗಲಿ ಅಂತ ಅದನ್ನೂ ಕೀಳಿಸಿದರು. ಎಡವಟ್ಟಾಗುವುದು ಅಲ್ಲೇ. ಪೈಪ್ ಇದ್ದರೆ ನೆಲದಿಂದ ಒಂದೆರಡು ಅಡಿ ಮೇಲೆ ಕಾಣುತ್ತದೆ, ಮಣ್ಣನ್ನೂ ತಡೆಯುತ್ತದೆ. ಕಿತ್ತ ಮೇಲೆ ಒಂದೊಂದು ಮಳೆಗೂ ಮಣ್ಣು ಕುಸಿದು ಬಾಯಿ ಅಗಲ ಆಗುತ್ತಾ ಹೋಗುತ್ತದೆ. ಮೇಲೊಂದು ಗೋಣಿಚೀಲ, ಅದರ ಮೇಲೊಂದು ಕಲ್ಲು, ಸುತ್ತ ಹುಲ್ಲು. ಮೂರು ವರ್ಷದಿಂದ ನಾನೂ ಹಬ್ಬಕ್ಕೆ ಹೋಗಿ ಬಂದು ಮಾಡಿದ್ದೇನೆ. ಅದರ ಪಕ್ಕದಲ್ಲೇ ನಿಂತು ಫೋನಲ್ಲಿ ಮಾತಾಡಿದ್ದೇನೆ.

ಈ ಸಲ ನೋಡಿದರೆ ಕಲ್ಲು ಪಕ್ಕಕ್ಕೆ ಸರಿದಿತ್ತು, ಚೀಲ ಕೊಳೆತಿತ್ತು. ತಂಗಿ ಮಗಳು, ನಾಲ್ಕು ವರ್ಷದ್ದು, ಅಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಲ್ಲು ಹಾಕಿ ಕಿವಿಗೊಡುತ್ತಿದ್ದಳು. ಕೂಗಿದರೆ ಬೆಚ್ಚಿ ಜಾರಿಬಿಟ್ಟಾಳು ಅಂತ ಬಾಯಿ ಬಿಡದೆ ಹಿಂದಿನಿಂದ ಹೋಗಿ ಎತ್ತಿಕೊಂಡೆ. ಆಮೇಲೆ ನಾನೂ ಒಂದು ಕಲ್ಲು ಹಾಕಿದೆ. ಟಕ್, ಟಕ್ ಅಂತ ಗೋಡೆಗೆ ತಾಗುತ್ತಾ ಸದ್ದು ಸಣ್ಣಗಾಯಿತು. ಆಮೇಲೆ ಏನೂ ಇಲ್ಲ. ನಮ್ಮ ಬಾವಿಯಾದರೆ ಬುಳುಕ್ ಅನ್ನುತ್ತಿತ್ತು.

2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮಗು ಬಿದ್ದಾಗ ನೀನೂ ನಾನೂ ರಾತ್ರಿಯೆಲ್ಲ ಟಿವಿ ಮುಂದೆ ಇದ್ದೆವು. ಸುಮಾರು 20 ಗಂಟೆ ಆದ ಮೇಲೆ ಜೀವಂತ ತೆಗೆದರು, ಪುಣ್ಯ. ಬೆಳಗ್ಗೆ ಎದ್ದು ನಾವಿಬ್ಬರೂ ನಮ್ಮ ನಮ್ಮ ಕೆಲಸಕ್ಕೆ ಹೋದೆವು. ನಮ್ಮ ಹಿತ್ತಲಿನ ಬೋರು ನನಗೆ ಆಗಲೂ ನೆನಪಾಗಲಿಲ್ಲ ನೋಡು.

ನಮ್ಮ ದುರ್ಗಕ್ಕೆ ಏಳು ಸುತ್ತಿನ ಕೋಟೆ. ಆನೆ ಓಡಿ ಬಂದು ಗುದ್ದಬಾರದು ಅಂತ ಬಾಗಿಲಿನ ದಾರಿಯನ್ನೇ ಸೊಟ್ಟ ಮಾಡಿದ ಜನ ನಮ್ಮವರು. ಅಷ್ಟಾದರೂ ಒಬ್ಬ ಮನುಷ್ಯ ನುಸುಳುವಷ್ಟು ಕಿಂಡಿ ಉಳಿದಿತ್ತು. ನೀರಿಗೆ ಹೋದ ಓಬವ್ವನ ಕಣ್ಣಿಗೆ ಬಿತ್ತು ಅಂತ ಕತೆ ಆಯ್ತು. ನಮ್ಮ ಹಿತ್ತಲಲ್ಲಿ ಈಗ ನೀರಿಗೆ ಹೋಗುವವರೇ ಇಲ್ಲ. ಬಾವಿ ಇದ್ದಾಗ ದಿನಕ್ಕೆ ಹತ್ತು ಜನ ಹೆಂಗಸರು ಅಲ್ಲಿರುತ್ತಿದ್ದರು. ಕಟ್ಟೆಗಿಂತ ಜಾಸ್ತಿ ನಮ್ಮನ್ನು ಕಾಯ್ದದ್ದು ಅವರ ಬೈಗುಳವೇ ಇರಬೇಕು.

ಮನೆಗೆ ಬಂದು ನಿಯಮ ಏನಿದೆ ಅಂತ ಹುಡುಕಿದೆ. 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬಿಟ್ಟುಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ಹಾಕಿ ಮುಚ್ಚಬೇಕು. ಬಳಸುವ ಬೋರಾದರೆ ಪೈಪಿನ ಸುತ್ತ ಅರ್ಧ ಮೀಟರ್ ಚೌಕದ ಸಿಮೆಂಟ್ ಕಟ್ಟೆ, ನೆಲದ ಮೇಲೆ 30 ಸೆಂಟಿಮೀಟರ್, ಕೆಳಗೆ 30. ಓದಿ ನಗು ಬಂತು. ನಮ್ಮ ಬಾವಿ ಕಟ್ಟೆಯದೇ ಮರಿ ಅಲ್ವಾ ಇದು?

ಚಿಕ್ಕಪ್ಪನ ಜೊತೆ ಸಣ್ಣ ಜಗಳ ಆಯ್ತು. "ಮುಂದಿನ ವರ್ಷ ನೀರು ಬಂದರೂ ಬರಬಹುದು, ಯಾಕೆ ಮುಚ್ಚುತ್ತೀಯ" ಅಂದರು. ನಾನು ಉತ್ತರ ಕೊಡದೆ ಟ್ರ್ಯಾಕ್ಟರ್‌ನವನಿಗೆ ಫೋನ್ ಮಾಡಿದೆ. ಎರಡು ಲೋಡ್ ಮಣ್ಣು ಕಲ್ಲು ಬಂತು. ಬಾಯಿ ಕುಸಿದಿದ್ದರಿಂದ ಪುಟ್ಟಿ ಪುಟ್ಟಿಯಾಗಿ ಹಾಕಿ ಮುಚ್ಚುವಷ್ಟರಲ್ಲಿ ಸಂಜೆ. ಕೊನೆಯ ಪುಟ್ಟಿ ಚಿಕ್ಕಪ್ಪನೇ ಹಾಕಿದರು, ಮಾತಾಡದೆ.

ಬಾವಿಗೂ ಕಬ್ಬಿಣದ ಜಾಲರಿ ಹಾಕಿಸೋಣ ಅಂತಿದ್ದೇನೆ. ಬಾಯಿ ಐದೂಕಾಲು ಅಡಿ ಇದೆ. ನಿಮ್ಮ ಏರಿಯಾದ ವೆಲ್ಡಿಂಗ್ ಅಂಗಡಿಯಲ್ಲಿ ಎಷ್ಟಾಗುತ್ತೆ ಕೇಳಿ ಹೇಳು. ಹಗ್ಗದ ಗೀರಿಗೆ ಏಟು ಬೀಳದ ಹಾಗೆ ಕೂರಿಸಬೇಕು. ರಜೆಗೆ ಬರುವಾಗ ಮಗನನ್ನೂ ಕರೆದುಕೊಂಡು ಬಾ. ಅಂದಹಾಗೆ, ಅಡ ಇಟ್ಟ ಆ ಹಿತ್ತಾಳೆ ಚೊಂಬು ವಾಪಸ್ ತಂದಿದ್ದು ನೀನಾ, ನಾನಾ? ಅತ್ತೆ ಕೇಳುತ್ತಿದ್ದರು. ಮನೆಯಲ್ಲೆಲ್ಲೂ ಇಲ್ಲವಂತೆ.

ನಿನ್ನ,
ಕುಣಿಕೆ ಸರಿಯಾಗಿ ಹಾಕಲು ಬಾರದವನು