ಸೃಷ್ಟಿಗೆ ಮೊದಲು ಏನಿತ್ತೆಂದು ಬರೆಯಹೊರಟವರಿಗೆ

ಆತ್ಮೀಯರೇ,

ದೇವರಿಗೆ ಹುಟ್ಟುಂಟೇ, ಸೃಷ್ಟಿಗೆ ಮೊದಲು ಏನಿತ್ತು ಎಂಬ ನಿಮ್ಮ ಲೇಖನದ ಕರಡು ಓದಿದೆ. ಇಂಥ ವಿಷಯಕ್ಕೆ ಕೈಹಾಕುವ ಧೈರ್ಯ ಈ ವಯಸ್ಸಿನಲ್ಲೇ ಬರಬೇಕು. ಆದರೆ ಮೊದಲ ಪುಟದಲ್ಲೇ ವೇದ, ಬೈಬಲ್, ಮಹಾಸ್ಫೋಟ ಮೂರೂ ಒಂದೇ ಮಾತು ಹೇಳುತ್ತವೆ ಎಂದಿದ್ದೀರಿ. ಆ ಸಾಲು ಹೊಡೆದುಹಾಕಿ. ಈ ವಿಷಯದ ಬರಹಗಳು ಹೆಚ್ಚಾಗಿ ಹದಗೆಡುವುದು ಅಲ್ಲೇ. ಆ ಮೂರೂ ಕಡೆ ಕೇಳಿಕೊಂಡ ಪ್ರಶ್ನೆಗಳೇ ಬೇರೆ.

ಮೊದಲು ಪ್ರಶ್ನೆಯನ್ನು ಒಂದು ಹಾಳೆಯ ಮೇಲೆ ಬಿಡಿಸಿಕೊಳ್ಳಿ. ದೇವರು ಇರದಿದ್ದ ಕಾಲವೊಂದಿತ್ತೇ ಎಂಬುದು ಕಾಲದ ಪ್ರಶ್ನೆ. ದೇವರಿಗೆ ಕಾರಣವುಂಟೇ ಎಂಬುದು ಬೇರೆ. ಅನಾದಿಯಾದ ಮಾತ್ರಕ್ಕೆ ಸ್ವತಂತ್ರವಾಗಬೇಕಿಲ್ಲ: ಮಧ್ವಾಚಾರ್ಯರ ಮತದಲ್ಲಿ ಜೀವರೂ ಅನಾದಿ, ಜಡಪ್ರಕೃತಿಯೂ ಅನಾದಿ, ಆದರೂ ಎರಡೂ ಪರತಂತ್ರ, ಸ್ವತಂತ್ರನು ವಿಷ್ಣು ಒಬ್ಬನೇ. ಸೃಷ್ಟಿಗೆ ಬೇಕಾದ ವಸ್ತು ಮೊದಲೇ ಇತ್ತೇ ಎಂಬುದು ಮತ್ತೂ ಒಂದು. ಯಾವ ದೇವರ ಮಾತು ಆಡುತ್ತಿದ್ದೀರಿ ಎಂದೂ ಬರೆದುಕೊಳ್ಳಿ. ಪುರಾಣಗಳ ಚತುರ್ಮುಖ ಬ್ರಹ್ಮ ಕಮಲದಲ್ಲಿ ಹುಟ್ಟಿದವನು. 432 ಕೋಟಿ ವರ್ಷ ಅವನಿಗೊಂದು ಹಗಲು, ಅವನ ಲೆಕ್ಕದ ನೂರು ವರ್ಷಕ್ಕೆ ಅವನ ಆಯುಸ್ಸೂ ಮುಗಿಯುತ್ತದೆ. ಉಪನಿಷತ್ತಿನ ಬ್ರಹ್ಮಕ್ಕೆ, ಅಂದರೆ ಎಲ್ಲಕ್ಕೂ ಮೂಲವಾದ ಪರತತ್ತ್ವಕ್ಕೆ, ಈ ಲೆಕ್ಕ ತಗಲುವುದಿಲ್ಲ. ನಿಮ್ಮ ಮೂರನೇ ಪುಟದಲ್ಲಿ ಇಬ್ಬರೂ ಒಂದೇ ವಾಕ್ಯದಲ್ಲಿ ಬಂದುಬಿಟ್ಟಿದ್ದಾರೆ.

ನಾಸದೀಯ ಸೂಕ್ತವನ್ನು ಎತ್ತಿಕೊಂಡದ್ದು ಸರಿ. ಋಗ್ವೇದದ 10ನೇ ಮಂಡಲ, 129ನೇ ಸೂಕ್ತ; ಇರುವುದು ಏಳೇ ಋಕ್ಕು. ನೀವು ಮೊದಲನೆಯದನ್ನು ಉದ್ಧರಿಸಿ ‘ಆಗ ಏನೂ ಇರಲಿಲ್ಲ’ ಎಂದು ಮುಗಿಸಿದ್ದೀರಿ. ಋಷಿ ಹಾಗೆ ಮುಗಿಸಿಲ್ಲ. ಅಸತ್ತು (ಇಲ್ಲದ್ದು) ಇರಲಿಲ್ಲ, ಸತ್ತೂ (ಇರುವುದೂ) ಇರಲಿಲ್ಲ ಎನ್ನುತ್ತಾನೆ. ಎರಡನೆಯ ಋಕ್ಕಿನಲ್ಲಿ ಸಾವೂ ಇಲ್ಲ, ಅಮೃತವೂ ಇಲ್ಲ, ಹಗಲಿರುಳಿನ ಗುರುತಿಲ್ಲ. ಆದರೆ ‘ಅದೊಂದು’ ಗಾಳಿಯಿಲ್ಲದೆ ತನ್ನ ಬಲದಿಂದಲೇ ಉಸಿರಾಡುತ್ತಿತ್ತು. ಮೂರನೆಯದರಲ್ಲಿ ಕತ್ತಲನ್ನು ಕತ್ತಲೇ ಮುಚ್ಚಿದೆ, ತಪಸ್ಸಿನ ಕಾವಿನಿಂದ ಆ ಒಂದು ಮೂಡುತ್ತದೆ. ನಾಲ್ಕನೆಯದರಲ್ಲಿ ಕಾಮ, ಮನಸ್ಸಿನ ಮೊದಲ ಬೀಜ. ಆರನೆಯದು ನಿಮ್ಮ ಲೇಖನಕ್ಕೆ ತೀರಾ ಮುಖ್ಯ: ದೇವತೆಗಳು ಈ ಸೃಷ್ಟಿಗಿಂತ ಈಚಿನವರು, ಹೀಗಿರುವಾಗ ಇದು ಎಲ್ಲಿಂದ ಬಂತೆಂದು ಯಾರು ಬಲ್ಲರು? ಏಳನೆಯದು ಪರಮಾಕಾಶದ ಅಧ್ಯಕ್ಷನನ್ನು ನೆನೆದು, ಅವನು ಬಲ್ಲ, ಅಥವಾ ಅವನೂ ಅರಿಯನೋ ಏನೋ ಎಂದು ನಿಲ್ಲುತ್ತದೆ.

ಏಳನ್ನೂ ಕ್ರಮವಾಗಿ ಓದಿಸಿ, ಅದಕ್ಕೆ ಒಂದು ಇಡೀ ಪುಟ ಕೊಡಿ. ಕೊನೆಯ ಸಂದೇಹವನ್ನು ನಿಮ್ಮ ಉತ್ತರದಿಂದ ಮುಚ್ಚಬೇಡಿ. ಅದನ್ನು ತೆರೆದಿಟ್ಟ ಧೈರ್ಯಕ್ಕೇ ಈ ಸೂಕ್ತ ಇಂದಿಗೂ ನಮ್ಮನ್ನು ಹಿಡಿದಿರುವುದು. ವಿಜಯನಗರದ ಕಾಲದಲ್ಲಿ ಭಾಷ್ಯ ಬರೆದ ಸಾಯಣರು ಅಲ್ಲಿನ ‘ಅಸತ್ತು’ ಎಂದರೆ ಮೊಲದ ಕೊಂಬಿನಂಥ ಇಲ್ಲದ ವಸ್ತು ಎಂದು ಹಿಡಿದು, ಇಡೀ ಸೂಕ್ತವನ್ನು ವೇದಾಂತದ ದಾರಿಗೆ ತಂದರು. ಅದು ಗಟ್ಟಿಯಾದ ಓದು. ಆದರೂ ಸೂಕ್ತದ ಮಾತು ಯಾವುದು, ಭಾಷ್ಯದ ಮಾತು ಯಾವುದು ಎಂದು ಬೇರೆ ವಾಕ್ಯಗಳಲ್ಲೇ ಬರೆಯಿರಿ. ಉಪನಿಷತ್ತುಗಳಲ್ಲೂ ಜಗಳವಿದೆ, ಅದನ್ನು ಅಡಗಿಸಬೇಡಿ. ತೈತ್ತಿರೀಯದಲ್ಲಿ ಮೊದಲು ಅಸತ್ತಿತ್ತು ಎಂಬ ಮಾತು ಬಂದರೆ, ಛಾಂದೋಗ್ಯದ ಆರನೇ ಅಧ್ಯಾಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಹೇಳುವುದು, ಅಸತ್ತಿನಿಂದ ಸತ್ತು ಹುಟ್ಟುವುದಾದರೂ ಹೇಗಪ್ಪಾ ಎಂದು.

‘ದೇವರನ್ನು ಯಾರು ಮಾಡಿದರು?’ ಎಂದು ಕೇಳಿ ಗೆದ್ದೆನೆಂದುಕೊಳ್ಳುವ ಭಾಗ ದುರ್ಬಲವಾಗಿದೆ. ನೈಯಾಯಿಕರು, ಅಂದರೆ ತರ್ಕದಿಂದ ಈಶ್ವರನನ್ನು ಸಾಧಿಸಿದ ನ್ಯಾಯದರ್ಶನದವರು, ಎಲ್ಲಕ್ಕೂ ಕರ್ತೃ ಬೇಕೆಂದು ಹೇಳಲೇ ಇಲ್ಲ. ಕಾರ್ಯವಾದದ್ದಕ್ಕೆ, ಅಂದರೆ ಹೊಸದಾಗಿ ಉಂಟಾದದ್ದಕ್ಕೆ, ಕರ್ತೃ ಬೇಕು, ಮಡಕೆಗೆ ಕುಂಬಾರ ಬೇಕಾದಂತೆ ಎಂದರು. ಅವರ ಈಶ್ವರ ಕಾರ್ಯವಲ್ಲ. ಪರಮಾಣುಗಳೂ ನಿತ್ಯವೇ, ಅವನು ಅವನ್ನು ಕೂಡಿಸುವವನು. ಎದುರಾಳಿಯ ವಾದವನ್ನು ಅವನೇ ಒಪ್ಪುವಂತೆ ಹೇಳಿ, ಆಮೇಲೆ ಪ್ರಶ್ನಿಸಿ.

ಗಟ್ಟಿ ಪ್ರಶ್ನೆ ಬೇಕೇ, ನಮ್ಮ ನೆಲದಲ್ಲೇ ಇದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಗುರುವಾಗಿದ್ದ ಜೈನ ಆಚಾರ್ಯ ಜಿನಸೇನರು ಸಂಸ್ಕೃತ ಮಹಾಪುರಾಣದಲ್ಲಿ ಸೃಷ್ಟಿಕರ್ತನ ವಾದವನ್ನು ಎಳೆಎಳೆಯಾಗಿ ಬಿಚ್ಚಿದರು. ಸೃಷ್ಟಿಗೆ ಮೊದಲು ಅವನು ಎಲ್ಲಿದ್ದ? ಆಗ ಆಧಾರವಿಲ್ಲದೆ ಇದ್ದವನು ಈಗ ಎಲ್ಲಿದ್ದಾನೆ? ಶರೀರವಿಲ್ಲದವನು ಶರೀರವುಳ್ಳ ಜಗತ್ತನ್ನು ಹೇಗೆ ಮಾಡಿಯಾನು? ಮೊದಲು ಸಾಮಗ್ರಿ ಮಾಡಿಕೊಂಡ ಎಂದರೆ ಆ ಸಾಮಗ್ರಿಗೆ ಇನ್ನೊಂದು ಸಾಮಗ್ರಿ ಬೇಕು, ಅದಕ್ಕೆ ಮತ್ತೊಂದು, ಇದೇ ಅನವಸ್ಥೆ, ಕೊನೆಯಿಲ್ಲದ ಸರಣಿ. ಸಾಮಗ್ರಿ ತಾನಾಗಿಯೇ ಇತ್ತು ಎಂದರೆ ಜಗತ್ತೂ ತಾನಾಗಿಯೇ ಇದ್ದೀತು. ಕೃತಕೃತ್ಯನಾದವನಿಗೆ, ಅಂದರೆ ಇನ್ನು ಸಾಧಿಸಬೇಕಾದ್ದೇನೂ ಇಲ್ಲದವನಿಗೆ, ಸೃಷ್ಟಿಸುವ ಇಚ್ಛೆ ಏಕೆ ಬಂತು? ಪಂಪ 941ರಲ್ಲಿ ಕನ್ನಡದಲ್ಲಿ ಆದಿಪುರಾಣ ಬರೆದದ್ದು ಈ ಜಿನಸೇನರ ಕೃತಿಯನ್ನು ಆಧರಿಸಿಯೇ. ಕನ್ನಡದ ಓದುಗನಿಗೆ ಇದನ್ನು ಹೇಳದೆ ನೇರ ಯುರೋಪಿಗೆ ಹಾರಿದ್ದೀರಿ, ಅದು ನನಗೆ ನೋವಾಯಿತು.

ಯುರೋಪಿನ ಭಾಗದಲ್ಲಿ ಒಂದು ತಪ್ಪು ತಿದ್ದಿ. ಲೋಕ ಮಾಡುವ ಮುನ್ನ ದೇವರು ಏನು ಮಾಡುತ್ತಿದ್ದ ಎಂದರೆ ‘ಇಂಥದ್ದನ್ನು ಕೆದಕುವವರಿಗಾಗಿ ನರಕ ಸಿದ್ಧಮಾಡುತ್ತಿದ್ದ’ ಎಂಬ ಮಾತು ಕ್ರೈಸ್ತ ಚಿಂತಕ ಸಂತ ಆಗಸ್ಟೀನರ ಉತ್ತರವಲ್ಲ. ಯಾರೋ ಹಾಸ್ಯಕ್ಕೆ ಹೀಗೆಂದರು, ನಾನು ಹಾಗೆ ಹೇಳಲಾರೆ ಎಂದೇ ಅವರು ಬರೆದರು. ಅವರ ಉತ್ತರ ಬೇರೆ: ಕಾಲವೂ ಸೃಷ್ಟಿಯಾದದ್ದೇ, ಆದ್ದರಿಂದ ‘ಆಗ’ ಎಂಬುದೇ ಇರಲಿಲ್ಲ. ವಿಜ್ಞಾನಕ್ಕೆ ಒಂದು ಪ್ಯಾರಾ ಸಾಕು. ಸುಮಾರು 1380 ಕೋಟಿ ವರ್ಷಗಳ ಹಿಂದೆ ದಟ್ಟವಾಗಿ, ಬಿಸಿಯಾಗಿ ಇದ್ದ ವಿಶ್ವ ಹಿಗ್ಗುತ್ತ ಬಂದದ್ದನ್ನು ಮಹಾಸ್ಫೋಟ ಸಿದ್ಧಾಂತ ವಿವರಿಸುತ್ತದೆ. ಶೂನ್ಯದಿಂದ ಬಂತೆಂದು ಅದು ಹೇಳುವುದಿಲ್ಲ. ಅದಕ್ಕೆ ತಳಹದಿ ಹಾಕಿದವರಲ್ಲೊಬ್ಬರಾದ ಲೆಮೆತ್ರ್ ಸ್ವತಃ ಪಾದ್ರಿ, ಆದರೂ ಅದನ್ನು ದೇವರ ಸೃಷ್ಟಿಗೆ ಪುರಾವೆಯಾಗಿ ಬಳಸುವುದನ್ನು ಒಪ್ಪಲಿಲ್ಲ.

ಅಲ್ಲಮನ ವಚನವನ್ನು ಅರ್ಧಕ್ಕೆ ಕತ್ತರಿಸಿದ್ದೀರಿ. ‘ಶೂನ್ಯ ನಿಃಶೂನ್ಯವಿಲ್ಲದಂದು’ ಎಂದು ಶೂನ್ಯವನ್ನೂ ಅಳಿಸಿದ ಮೇಲೆ ಅಲ್ಲಿ ಉದಯಿಸುವವನು ಗುಹೇಶ್ವರನ ಶರಣ. ಆ ಕೊನೆಯ ಸಾಲು ಬಿಟ್ಟರೆ ವಚನವೇ ಹೋಯಿತು. ಪೂರ್ತಿ ಹಾಕಿ, ಕೆಳಗೆ ವ್ಯಾಖ್ಯಾನ ಎರಡು ಮೂರು ಸಾಲು ಮೀರದಿರಲಿ.

ಉದ್ಧರಣೆಗಳಿಗೆಲ್ಲ ಮಂಡಲ, ಸೂಕ್ತ, ಅಧ್ಯಾಯದ ಸಂಖ್ಯೆ ಹಾಕಿ, ಮುದ್ರಿತ ಪುಸ್ತಕದ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ನಿಮ್ಮ ನಂಬಿಕೆಯನ್ನೂ ಬರೆಯಿರಿ, ಆದರೆ ಅದು ‘ನಾನು’ ಎಂದೇ ಶುರುವಾಗುವ ವಾಕ್ಯದಲ್ಲಿರಲಿ, ಋಷಿಯ ಬಾಯಲ್ಲಿ ಬೇಡ. ನಾಸದೀಯ ಮತ್ತು ಜಿನಸೇನರ ಭಾಗಗಳನ್ನು ಮೊದಲು ತಿದ್ದಿ ಕಳಿಸಿ; ಉಳಿದದ್ದನ್ನು ಆಮೇಲೆ ನೋಡೋಣ.

ಪ್ರೀತಿಯಿಂದ,
ನಿಮ್ಮವನೇ ಆದ ಹಿರಿಯ